ಗೋಧಿಯಿಲ್ಲದ ಮನೆಯ ಸಜ್ಜಿಗೆ

ಪಾಂಡವಪುರದ ಪುರೋಹಿತ ಜಯರಾಮಯ್ಯನವರ ಹೊಟ್ಟೆಗೂ ಗೋಧಿಗೂ ಆಗಿಬರೋದಿಲ್ಲ ಅನ್ನೋದು ಗೊತ್ತಾಗೋಕೆ ಅರವತ್ತೊಂದು ವರ್ಷ ಹಿಡೀತು. ಅಲ್ಲಿಯವರೆಗೆ ಅದಕ್ಕೆ ಗ್ಯಾಸ್ಟ್ರಿಕ್ಕು ಅಂತ ಹೆಸರು. ಜೀರಿಗೆ ಕಷಾಯ ಕುಡಿದರು, ಮಜ್ಜಿಗೆಗೆ ಓಂಕಾಳು ಹಾಕಿಕೊಂಡು ಕುಡಿದರು, ಯಾರೋ ಹೇಳಿದರು ಅಂತ ಬರೀ ಹೊಟ್ಟೆಯಲ್ಲಿ ಬೂದುಗುಂಬಳದ ರಸ ಕುಡಿದು ಮುಖ ಹಿಂಡಿಕೊಂಡರು. ಯಾವುದೂ ನಾಟಲಿಲ್ಲ. ಎರಡು ವರ್ಷದಲ್ಲಿ ಹನ್ನೊಂದು ಕೆಜಿ ಇಳಿದು, ಮಂಗಳಾರತಿಗೆ ಎದ್ದು ನಿಂತರೆ ಕಚ್ಚೆಪಂಚೆ ಜಾರಿಹೋಗುತ್ತೆ ಅನ್ನೋ ಪರಿಸ್ಥಿತಿ ಬಂದಾಗ ಮಗ ನಾಗೇಂದ್ರ ಅಪ್ಪ ಅಮ್ಮ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ ಹೊಟ್ಟೆ ಡಾಕ್ಟರಿಗೆ ತೋರಿಸಿದ. ಅವರು ಬಾಯಿಂದ ಪೈಪು ಇಳಿಸಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಕೊನೆಗೆ ಬಾಯಿ ಬಿಟ್ಟರು.

"ಗೋಧೀಲಿ ಗ್ಲುಟನ್ ಅಂತ ಒಂದು ಅಂಟು ಇರುತ್ತೆ. ನಿಮ್ಮ ಕರುಳಿಗೆ ಅದು ವಿಷ. ಗೋಧಿ, ರವೆ, ಮೈದಾ, ಬಾರ್ಲಿ ಇನ್ನು ಈ ಜನ್ಮದಲ್ಲಿ ಬೇಡ. ಒಂದು ಚಿಟಿಕೆ ಕೂಡ ಬೇಡ. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ. ಈ ನಂಬರು ಅರ್ಧಕ್ಕಾದರೂ ಇಳಿದಿರಬೇಕು."

"ಇಳೀದಿದ್ರೆ?" ಅಂದರು ಜಯರಾಮಯ್ಯ.

"ಕರುಳು ಸವೀತಾ ಹೋಗುತ್ತೆ, ಯಜಮಾನರೇ. ಆಮೇಲೆ ಏನು ತಿಂದರೂ ಮೈಗೆ ಹತ್ತೋದಿಲ್ಲ."

ಹೆಂಡತಿ ಇಂದಿರಮ್ಮ ಮನೆಗೆ ಬಂದವರೇ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದರು. ಆ ಸೆರಗು ಸೊಂಟಕ್ಕೆ ಹೋಯಿತು ಅಂದರೆ ಮನೆಯಲ್ಲಿ ಯಾರೂ ಅಡ್ಡ ನಿಲ್ಲಬಾರದು. ಗೋಧಿಹಿಟ್ಟಿನ ಡಬ್ಬ ಜಗುಲಿಗೆ ಬಂತು. ಬಾಂಬೆ ರವೆ, ಚಿರೋಟಿ ರವೆ, ಮೈದಾ ಅದರ ಹಿಂದೆ ಬಂದವು. ಸೊಸೆ ಅರ್ಚನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮೊಬೈಲಿನ ಲೈಟು ಹಾಕಿಕೊಂಡು ಒಂದೊಂದು ಪೊಟ್ಟಣದ ಬೆನ್ನಮೇಲಿನ ಇರುವೆಯಂಥ ಅಕ್ಷರ ಓದೋದು ಅವಳ ಪಾಲಿಗೆ ಬಂತು.

"ಅತ್ತೆ, ಈ ಶ್ಯಾವಿಗೇಲೂ ಗೋಧಿ."

"ಹೊರಗೆ."

"ಈ ಹಾರ್ಲಿಕ್ಸಿನಂಥದ್ದರಲ್ಲಿ ಬಾರ್ಲಿ, ಗೋಧಿ ಎರಡೂ ಇದೆ."

"ಅದನ್ನ ಶಕ್ತಿ ಬರಲಿ ಅಂತ ದಿನಾ ಕುಡಿಸಿದೆನಲ್ಲೇ! ಹೊರಗೆ."

ನಾಗೇಂದ್ರ ಮದ್ದೂರು ವಡೆಯ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದುಕೊಂಡು ಸದ್ದಿಲ್ಲದೆ ಹಿತ್ತಲಿನ ಕಡೆ ನಡೆದ. ತಾಲ್ಲೂಕು ಕಚೇರಿಯಲ್ಲಿ ಹದಿನೈದು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಸದ್ದಿಲ್ಲದೆ ನಡೆಯೋದು ಚೆನ್ನಾಗಿ ಬರುತ್ತೆ, ಆದರೆ ಅಮ್ಮನ ಹತ್ತಿರ ನಡೆಯೋದಿಲ್ಲ.

"ನಿಲ್ಲೋ. ಅದರಲ್ಲಿ ರವೇನೂ ಇದೆ, ಮೈದಾನೂ ಇದೆ. ತಿನ್ನೋದಾದ್ರೆ ಗೇಟಿನ ಆಚೆ ನಿಂತು ತಿಂದು, ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ಒಳಗೆ ಬಾ."

ಅರ್ಚನ ಅತ್ತೆಯನ್ನು ಕೂರಿಸಿಕೊಂಡು ಪಾಠ ಶುರು ಮಾಡಿದಳು. ಗೋಧಿ ಮುಟ್ಟಿದ ಸೌಟು ಅಕ್ಕಿಯ ಪಾತ್ರೆಗೆ ಹೋಗಬಾರದು, ಚಪಾತಿ ಮಾಡಿದ ಕಾವಲಿಯಲ್ಲಿ ದೋಸೆ ಹುಯ್ಯಬಾರದು, ಕಣ್ಣಿಗೆ ಕಾಣದಷ್ಟು ಅಂಟಿದ್ದರೂ ಅದು ಕ್ರಾಸ್ ಕಂಟಾಮಿನೇಷನ್ನು, ಹಾಗೆ ಹೀಗೆ ಅಂತ ಕಾಲು ಗಂಟೆ ಹೇಳಿದಳು. ಇಂದಿರಮ್ಮ ತಾಳ್ಮೆಯಿಂದ ಕೇಳಿದರು.

"ಅಂದ್ರೆ ಮುಸುರೆ ಅಂತ ತಾನೆ?" ಅಂದರು. "ಅನ್ನ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಬಾರದು ಅಂತ ನಮ್ಮತ್ತೆ ನನ್ನ ಕೈಮೇಲೆ ಹೊಡೆದು ಕಲಿಸಿದ್ದಾರೆ. ಅದಕ್ಕೆ ಇಷ್ಟೊಂದು ಇಂಗ್ಲಿಷ್ ಯಾಕೆ ಬೇಕಿತ್ತು?"

ಅಲ್ಲಿಂದಾಚೆ ಆ ಮನೆಯಲ್ಲಿ ಗೋಧಿಗೆ ಮುಸುರೆಯ ಕಾನೂನು ಬಂತು. ಸೌಟು ಬೇರೆ, ಜರಡಿ ಬೇರೆ ಅಂತೆಲ್ಲ ನಾಲ್ಕು ದಿನ ನಡೆಸಿ, ಐದನೇ ದಿನ ಇಂದಿರಮ್ಮನಿಗೆ ಬೇಸರ ಬಂದು, ಗೋಧಿಯೇ ಈ ಹೊಸಿಲು ದಾಟೋದು ಬೇಡ, ಎಲ್ಲರಿಗೂ ಒಂದೇ ಅಡುಗೆ ಅಂತ ತೀರ್ಮಾನ ಮಾಡಿಬಿಟ್ಟರು. ಹಿಟ್ಟಿನ ಮಿಲ್ಲಿನ ಸೋಮಯ್ಯನನ್ನೂ ಬಿಡಲಿಲ್ಲ. ಮಂಗಳವಾರ ಬೆಳಗ್ಗೆ ಅವನು ಮಿಲ್ಲು ಗುಡಿಸಿ ಒರೆಸಿದ ಮೇಲೆ ಮೊದಲ ಸರದಿ ಇವರದು. ಮೊದಲು ಒಂದು ಸೇರು ಅಕ್ಕಿ ಸುರಿದು ಕಲ್ಲಿಗಂಟಿದ್ದ ಹಳೇ ಹಿಟ್ಟನ್ನೆಲ್ಲ ತಳ್ಳಿ, ಅದನ್ನು ಸೋಮಯ್ಯನ ಹಸುವಿಗೆ ಬಿಟ್ಟು, ಆಮೇಲೆ ಇವರ ಹಿಟ್ಟು. "ಅಮ್ನೋರೇ, ನಮ್ ಅಸ ಮಂಗಳ್ವಾರ ಬತ್ತಿದ್ದಂಗೇ ಮಿಲ್ ಕಡೆ ಮುಕ ಮಾಡ್ಕಂಡ್ ನಿಂತ್ಕತದೆ" ಅಂತ ಸೋಮಯ್ಯ ನಗುತ್ತಿದ್ದ.

ಕಷ್ಟ ಬಂದಿದ್ದು ಏಕಾದಶಿಗೆ. ಏಕಾದಶಿ ದಿನ ಅಕ್ಕಿ ಮುಟ್ಟಬೇಡ ಅಂತ ದೇವರು, ಗೋಧಿ ಮುಟ್ಟಬೇಡ ಅಂತ ಡಾಕ್ಟರು. ಮೊದಲೆಲ್ಲ ಬಿಸಿಬಿಸಿ ಗೋಧಿ ನುಚ್ಚಿನ ಉಪ್ಪಿಟ್ಟು ತಿಂದು ಉಪವಾಸ ಅಂತ ಹೇಳಿಕೊಳ್ಳುತ್ತಿದ್ದ ಜಯರಾಮಯ್ಯ, ಹೆಸರುಬೇಳೆ ಕೋಸಂಬರಿಯ ತಟ್ಟೆ ಮುಂದೆ ಕೂತು, ನಿಜವಾದ ಉಪವಾಸ ಅಂದರೆ ಏನು ಅನ್ನೋದನ್ನು ಅರವತ್ತೊಂದನೇ ವಯಸ್ಸಿನಲ್ಲಿ ಕಂಡುಕೊಂಡರು. ಆದರೂ ಮನೆಯವರೆಲ್ಲ ಒಟ್ಟಿಗೆ ಕೂತು ಅಕ್ಕಿರೊಟ್ಟಿ, ರಾಗಿದೋಸೆ ತಿನ್ನುವಾಗ ಅವರಿಗೆ ಹೆಂಡತಿಯ ಮೇಲೆ ಅಭಿಮಾನ ಉಕ್ಕಿ ಬರುತ್ತಿತ್ತು.

ಇಷ್ಟೆಲ್ಲ ಆದ ಮನೆಯ ಯಜಮಾನರು ಹುಣ್ಣಿಮೆ ಹುಣ್ಣಿಮೆಗೂ ಹೊರಗೆ ಹೋಗಿ ಹಿಡಿಗಟ್ಟಲೆ ರವೆ ತಿಂದು ಬರುತ್ತಿದ್ದರು. ಹೌದು ಮತ್ತೆ! ಸುಳ್ಳಲ್ಲ.

ಅವರ ಕಸುಬೇ ಸತ್ಯನಾರಾಯಣ ಪೂಜೆ. ಮೂವತ್ತೈದು ವರ್ಷದಿಂದ ಪಾಂಡವಪುರ, ಕೆ.ಆರ್.ಎಸ್., ತೊಣ್ಣೂರು, ಆ ಕಡೆ ಸಿಂಧಘಟ್ಟದವರೆಗೆ ಹುಣ್ಣಿಮೆ ಬಂತೆಂದರೆ ಅವರ ಸ್ಕೂಟರು ನಿಲ್ಲೋದೇ ಇಲ್ಲ. ಹೊಸಮನೆ ಆಗಲಿ, ಟ್ರಾಕ್ಟರು ಬರಲಿ, ಸೊಸೆ ಬರಲಿ, ಜಯರಾಮಯ್ಯನವರೇ ಬಂದು ಕತೆ ಹೇಳಬೇಕು. ಆ ಪೂಜೆಯ ಪ್ರಸಾದ ಸಜ್ಜಿಗೆ: ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು, ಎಲ್ಲ ಒಂದೂಕಾಲು ಒಂದೂಕಾಲು ಅಳತೆ. ಈ ಸುತ್ತಿನ ಊರುಗಳಲ್ಲಿ ಒಂದು ವಾಡಿಕೆ ಬೆಳೆದುಬಿಟ್ಟಿತ್ತು. ಮಂಗಳಾರತಿ ಆದಮೇಲೆ ಮೊದಲ ತುತ್ತು ಅಯ್ಯನವರದು. ಅವರು ಬಾಯಿಗೆ ಹಾಕಿಕೊಂಡು "ತಗೊಳ್ಳಿ" ಅಂದ ಮೇಲೇ ಮಿಕ್ಕವರ ಕೈ ಮುಂದೆ ಬರಬೇಕು. ಮಕ್ಕಳು ಮರಿಯೆಲ್ಲ ಅವರ ಬಾಯಿಯನ್ನೇ ನೋಡುತ್ತಾ ನಿಂತಿರುತ್ತವೆ.

ಡಾಕ್ಟರು ಹೇಳಿದ ಮೇಲೆ ಬಂದ ಮೊದಲ ಹುಣ್ಣಿಮೆಗೆ ಕೆ.ಆರ್.ಎಸ್.ನಲ್ಲಿ, ನೀರಾವರಿ ಇಲಾಖೆಯ ಒಬ್ಬರ ಮನೆಯಲ್ಲಿ ಪೂಜೆ. ಜಯರಾಮಯ್ಯ ಸಜ್ಜಿಗೆಯನ್ನು ಎಲೆಯ ಸಮೇತ ಅಂಗವಸ್ತ್ರದ ತುದಿಗೆ ಕಟ್ಟಿಕೊಳ್ಳೋಕೆ ನೋಡಿದರು. ಆ ಮನೆಯಾಕೆಯ ಮುಖ ಬಾಡಿಹೋಯಿತು. "ಯಾಕೆ ಅಯ್ನೋರೇ, ನಮ್ಮಿಂದ ಏನಾದ್ರೂ ಕುಂದು ಆಯ್ತಾ?" ಅಂದರು. ಐದು ನಿಮಿಷದ ಹಿಂದೆ ಇವರೇ ಕತೆ ಹೇಳಿದ್ದರು, ಪ್ರಸಾದ ಮರೆತು ಓಡಿದವಳ ಗಂಡ ಹಡಗಿನ ಸಮೇತ ಮುಳುಗಿದ್ದು, ಪ್ರಸಾದ ಬಿಟ್ಟುಹೋದ ರಾಜ ರಾಜ್ಯವನ್ನೇ ಕಳಕೊಂಡಿದ್ದು ಎಲ್ಲಾ. ಅದೇ ಬಾಯಲ್ಲಿ ಈಗ ಬೇಡ ಅನ್ನೋದು ಹೇಗೆ? ಅಯ್ಯನವರೇ ಬಿಟ್ಟರು ಅಂದರೆ ಮನೆಗೆ ಕೇಡು ಅಂತ ಜನ ಹೆದರುತ್ತಾರೆ, ಆಮೇಲೆ ಯಾರು ತಾನೆ ಕರೆಯುತ್ತಾರೆ? ಹೀಗೆಲ್ಲ ಯೋಚನೆ ಮಾಡಿ ತಿಂದರು. ಇನ್ನೊಂದು ಮಾತನ್ನೂ ಹೇಳಿಬಿಡೋದು ನ್ಯಾಯ: ತುಪ್ಪದಲ್ಲಿ ಹುರಿದ ರವೆ ಘಮ್ ಅಂತಿತ್ತು, ಅವರಿಗೆ ತಿನ್ನೋಕೆ ಆಸೆಯೂ ಇತ್ತು.

ಮಾರನೇ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದರು. "ಹೊರಗಡೆ ನೀರು ಕುಡಿದೆ, ಅದಕ್ಕೇ" ಅಂದರು. ಇಂದಿರಮ್ಮ ನಂಬಿ, ಮುಂದಿನ ಸಲ ಮನೆಯ ನೀರನ್ನೇ ಬಾಟಲಿಯಲ್ಲಿ ತುಂಬಿಸಿ ಕೊಟ್ಟರು. ಮುಂದಿನ ಹುಣ್ಣಿಮೆಗೆ "ಬಿಸಿಲು" ಅಂದರು. ಛತ್ರಿ ಬಂತು. ಆಚೆ ಹುಣ್ಣಿಮೆಗೆ ಹೇಳೋಕೆ ಏನೂ ತೋಚದೆ ಸುಮ್ಮನೆ ಮಲಗಿದರು.

ಮೂರು ತಿಂಗಳಾದ ಮೇಲೆ ರಕ್ತ ಕೊಟ್ಟರು. ನಂಬರು ಇಳಿದಿರಲಿಲ್ಲ. ಇದ್ದ ಕಡೆಯೇ ಕಲ್ಲುಗುಂಡಿನ ಹಾಗೆ ಕೂತಿತ್ತು.

"ಮನೇಲಿ ಎಲ್ಲೋ ಗೋಧಿ ಸೇರ್ತಾ ಇದೆ. ಸರಿಯಾಗಿ ಹುಡುಕಿ" ಅಂದರು ಡಾಕ್ಟರು. ಜಯರಾಮಯ್ಯ ಗೋಡೆಯ ಮೇಲಿನ ಕರುಳಿನ ಚಿತ್ರ ನೋಡುತ್ತಾ ಕೂತಿದ್ದರು.

ಹುಡುಕಾಟ ಅಂದರೆ ಅದು ಹುಡುಕಾಟ! ಇಂದಿರಮ್ಮ ಅಟ್ಟ ಇಳಿಸಿದರು. ಮೆಣಸಿನಪುಡಿ, ಧನಿಯಾಪುಡಿ ಎಲ್ಲ ಚೆಲ್ಲಿ ಹೊಸದಾಗಿ ಮನೆಯಲ್ಲೇ ಕುಟ್ಟಿಸಿದರು. ಮೂರನೇ ದಿನ ಸಂಜೆ ಅರ್ಚನ ಒಂದು ಸಣ್ಣ ಹಳದಿ ಡಬ್ಬಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತುಬಿಟ್ಟಳು.

"ಅತ್ತೆ... ಇಂಗು."

"ಇಂಗಿಗೇನು?"

"ಪುಡಿ ಇಂಗಿಗೆ ಗೋಧಿಹಿಟ್ಟು ಬೆರೆಸಿರ್ತಾರಂತೆ. ಇಲ್ಲಿ ಬರೆದಿದೆ ನೋಡಿ."

ಇಂದಿರಮ್ಮ ಡಬ್ಬಿ ಇಸಿದುಕೊಂಡು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಇಂದಿರಮ್ಮನ ಸಾರು ಅಂದರೆ ಬೀದಿಗೆಲ್ಲ ಗೊತ್ತು. ಒಗ್ಗರಣೆಯ ಇಂಗಿನ ವಾಸನೆ ಬಂದರೆ ಪಕ್ಕದ ಮನೆಯವರು ಗಂಟೆ ಹನ್ನೆರಡಾಯಿತು ಅಂತ ತಿಳಿಯುತ್ತಿದ್ದರು. ಸಾರಿಗೆ ಇಂಗು, ಹುಳಿಗೆ ಇಂಗು, ಮಜ್ಜಿಗೆಗೂ ಇಂಗು.

"ದಿನಾ ಎರಡು ಹೊತ್ತು," ಅಂದರು. "ನನ್ನ ಕೈಯಾರೆ ನಾನೇ ಹಾಕಿದೀನಿ." ಅಲ್ಲೇ ಕೆಳಗೆ ಕೂತು ಅತ್ತುಬಿಟ್ಟರು.

ಜಯರಾಮಯ್ಯ ಬಾಗಿಲಲ್ಲಿ ನಿಂತು ನೋಡಿದರು. ಅಲ್ಲೇ, ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದರು, "ಅದು ಚಿಟಿಕೆ ಕಣೇ, ಅದರಿಂದೇನಾಗುತ್ತೆ" ಅನ್ನೋ ಅಷ್ಟು ಮಾತ್ರ ಹೊರಗೆ ಬಂತು. "ಒಂದು ಚಿಟಿಕೇನೂ ಬೇಡ ಅಂದಿದ್ರಲ್ಲ ಡಾಕ್ಟ್ರು" ಅಂತ ಇಂದಿರಮ್ಮ ಇನ್ನೂ ಜೋರಾಗಿ ಅತ್ತರು. ಎಂಥಾ ಮನುಷ್ಯ ನೋಡಿ! ಊರಿಗೆಲ್ಲ ಸತ್ಯನಾರಾಯಣನ ಕತೆ ಹೇಳೋ ಬಾಯಿಗೆ ಹೆಂಡತಿಯ ಮುಂದೆ ಒಂದು ಸತ್ಯ ಹೇಳೋಕೆ ಆಗಲಿಲ್ಲ.

ಮಾರನೇ ಬೆಳಗ್ಗೆ ಇಂದಿರಮ್ಮ ಸ್ನಾನ ಮಾಡಿ ಬಂದು ಹಜಾರದ ಕುರ್ಚಿಯಲ್ಲಿ ಕೂತರು. "ಇನ್ನುಮೇಲೆ ಅಡುಗೆ ನೀನೇ ಮಾಡಮ್ಮ ಅರ್ಚನ. ನಾನು ತರಕಾರಿ ಹೆಚ್ಚಿಕೊಡ್ತೀನಿ. ಒಲೆ ಹತ್ತಿರ ಬರಲ್ಲ. ನನಗೆ ನನ್ನ ಕೈಮೇಲೆ ನಂಬಿಕೆ ಹೋಯ್ತು." ಎಷ್ಟು ಹೇಳಿದರೂ ಎದ್ದು ಬರಲಿಲ್ಲ. ಮೂವತ್ತೆಂಟು ವರ್ಷ ಆ ಒಲೆಯ ಮುಂದೆ ಯಾರನ್ನೂ ನಿಲ್ಲಗೊಡದವರು, ಟಿವಿಯನ್ನೂ ಹಾಕದೆ, ಹೆಚ್ಚಿದ ಹುರುಳಿಕಾಯನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಾ ಕೂರುತ್ತಿದ್ದರು. ಅರ್ಚನ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಮಾಡಿದ ಸಾರಿನಲ್ಲಿ ತಟ್ಟೆಯ ತಳ ಕಾಣುತ್ತಿತ್ತು. ನಾಗೇಂದ್ರ ಎರಡು ತುತ್ತಿಗೇ ಕೈ ತೊಳೆದ. ಜಯರಾಮಯ್ಯ ಮಾತ್ರ ತಟ್ಟೆ ಖಾಲಿ ಮಾಡಿ, ಹಜಾರದ ಕುರ್ಚಿಯ ಕಡೆ ನೋಡದೆ ಎದ್ದು ಹೋಗುತ್ತಿದ್ದರು. ಹೇಳಿದರೆ ಇವಳು ಒಲೆಗೆ ವಾಪಸ್ಸು ಬರುತ್ತಾಳೆ. ಆದರೆ ಹೇಳಿದ ಮೇಲೆ ಹುಣ್ಣಿಮೆಗೆ ಎಲೆ ಮುಂದೆ ಕೈಯೊಡ್ಡೋಕೆ ಬಿಡುತ್ತಾಳೆಯೇ? ಮೂವತ್ತೈದು ವರ್ಷದ ಮನೆಗಳನ್ನು ಬಿಡೋದು ಹೇಗೆ? ಹೀಗೆ ಹತ್ತು ದಿನ ಕಳೆಯಿತು.

ಹನ್ನೊಂದನೇ ದಿನ ಸಿಂಧಘಟ್ಟದ ಶಿವಣ್ಣನ ಫೋನು. ಹೊಸ ಟ್ರಾಕ್ಟರು ಬಂದಿದೆ, ಹುಣ್ಣಿಮೆ ಬೆಳಗ್ಗೆ ಪೂಜೆ. "ಅಯ್ನೋರೇ, ನಮ್ಮವ್ವ ಅಮ್ನೋರ್ನೂ ಕರ್ಕಂಬರ್ಲೇಬೇಕು ಅಂತಾವ್ಳೆ. ಫೋನ್ ಅಮ್ನೋರ್ಗೆ ಕೊಡಿ, ಅವ್ಳೇ ಮಾತಾಡ್ತಾಳಂತೆ." ಶಿವಣ್ಣನ ತಾಯಿ ಮುತ್ತಮ್ಮ ಎಪ್ಪತ್ತರ ಮುದುಕಿ, ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಿಲ್ಲ ಅನ್ನೋ ಹಾಗೆ ಮಾತಾಡುವಂಥವಳು. ಎರಡೇ ನಿಮಿಷದಲ್ಲಿ ಇಂದಿರಮ್ಮನನ್ನು ಒಪ್ಪಿಸಿಬಿಟ್ಟಳು. ಮನೆಯಲ್ಲಿ ಮಂಕಾಗಿ ಕೂತ ಅತ್ತೆ ಹೊರಡುತ್ತಾರೆ ಅಂತ ಅರ್ಚನಳಿಗೆ ಖುಷಿಯಾಯಿತು. ಜಯರಾಮಯ್ಯ ಮಾತ್ರ ಪಂಚಾಂಗ ತೆಗೆದು, ಹುಣ್ಣಿಮೆಗೆ ಇನ್ನೆಷ್ಟು ದಿನ ಅಂತ ಎಣಿಸಿದರು.

ಹುಣ್ಣಿಮೆಯ ದಿನ ಶಿವಣ್ಣನ ಹಜಾರ ತುಂಬ ಜನ. ಬಾಗಿಲಾಚೆ ಚೆಂಡುಹೂವಿನ ಹಾರ ಹಾಕಿಕೊಂಡು ಟ್ರಾಕ್ಟರು ನಿಂತಿತ್ತು. ಇಂದಿರಮ್ಮ ಹೆಂಗಸರ ಮಧ್ಯೆ, ಸರಿಯಾಗಿ ಗಂಡನ ಎದುರಿಗೆ ಕೂತರು. ಗಂಡನ ಊಟದ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಜಯರಾಮಯ್ಯ ಕಲಶ ಇಟ್ಟರು, ಪೂಜೆ ಮಾಡಿಸಿದರು, ಕತೆ ಶುರು ಮಾಡಿದರು. ನೈವೇದ್ಯಕ್ಕೆ ಏನೇನು ಬೇಕು ಅಂತ ಮೊದಲನೇ ಅಧ್ಯಾಯದಲ್ಲಿ ಬರುತ್ತದೆ, ಅದನ್ನು ಹೇಳಿದರು. ಮುಂದೆ ವ್ಯಾಪಾರಿ ಬಂದ, ಹಡಗು ಬಂತು. ಹಡಗು ಮುಳುಗುವ ಜಾಗಕ್ಕೆ ಬಂದಾಗ ಅವರ ದನಿ ಇಳಿದು, ಹಿಂದೆ ಕೂತವರು "ಸ್ವಲ್ಪ ಜೋರಾಗಿ ಯೋಳಿ ಅಯ್ನೋರೇ" ಅಂದರು.

ಮಂಗಳಾರತಿ ಆಯಿತು. ಮುತ್ತಮ್ಮ ಬಾಳೆಲೆಯ ತುಂಡಿನ ಮೇಲೆ ಸಜ್ಜಿಗೆ ಇಟ್ಟು, ಮೇಲೊಂದು ಹನಿ ತುಪ್ಪ ಬಿಟ್ಟು ಅವರ ಕೈಗೆ ಕೊಟ್ಟಳು. ಎಲ್ಲರ ಕಣ್ಣೂ ಅವರ ಬಾಯಮೇಲೆ.

ಜಯರಾಮಯ್ಯ ತಲೆಯೆತ್ತಿ ಎದುರಿಗೆ ನೋಡಿದರು. ಇಂದಿರಮ್ಮ ನಗುತ್ತಿದ್ದರು. ಆ ಮುಖದಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ. ನಮ್ಮವರು ತಿನ್ನೋದಿಲ್ಲ, ಹೇಗೋ ಉಪಾಯವಾಗಿ ಪಕ್ಕಕ್ಕಿಡುತ್ತಾರೆ, ಇಷ್ಟು ದಿನವೂ ಹಾಗೇ ಮಾಡಿರುತ್ತಾರೆ ಅಂತ ಆ ನಗು ಹೇಳುತ್ತಿತ್ತು. ತನ್ನ ಕೈಯನ್ನೇ ನಂಬದೆ ಒಲೆ ಬಿಟ್ಟವಳು ಇವರನ್ನು ನಂಬಿ ಕೂತಿದ್ದಳು. ಜಯರಾಮಯ್ಯನಿಗೆ ತಡೆಯಲಾಗಲಿಲ್ಲ.

"ಮುತ್ತಮ್ಮ," ಅಂದರು, "ನನಗೆ ಇದು ತಿನ್ನೋಕೆ ಆಗೋದಿಲ್ಲ."

ಶಿವಣ್ಣ ಹೆದರಿ ಟ್ರಾಕ್ಟರಿನ ಕಡೆ ನೋಡಿದ.

"ನಿಮ್ಮ ಸಜ್ಜಿಗೇಲಿ ಏನೂ ದೋಷ ಇಲ್ಲ. ದೋಷ ನನ್ನ ಹೊಟ್ಟೇಲಿದೆ. ಗೋಧಿ ನನಗೆ ವಿಷ ಅಂತ ಡಾಕ್ಟ್ರು ಹೇಳಿ ಮೂರು ತಿಂಗಳ ಮೇಲಾಯ್ತು. ಆದರೂ ಹುಣ್ಣಿಮೆ ಹುಣ್ಣಿಮೆಗೆ ಹೋದ ಕಡೆಯೆಲ್ಲ ತಿಂದೆ. ಬೇಡ ಅಂದ್ರೆ ನೀವು ನೊಂದ್ಕೋತೀರಿ, ಕರೆಯೋದು ಬಿಡ್ತೀರಿ ಅಂತ ಹೆದರಿ ತಿಂದೆ. ಆಸೆಗೂ ತಿಂದೆ." ಹೆಂಡತಿಯ ಕಡೆ ತಿರುಗಿದರು. "ಇಂದಿರಾ, ನಿನ್ನ ಕೈಯದು ತಪ್ಪಲ್ಲ. ನಿನ್ನ ಇಂಗಿನ ಪಾಲು ಚಿಟಿಕೆ, ನನ್ನ ಪಾಲು ಹಿಡಿಹಿಡಿ. ನೀನು ಅಳೋವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಲಿಲ್ಲ."

ಇಂದಿರಮ್ಮನ ನಗು ಹಾಗೇ ನಿಂತುಹೋಯಿತು. ಮಾತು ಬಂದಿದ್ದು ಮುತ್ತಮ್ಮನಿಗೆ.

"ಅಲ್ಲಾ ಅಯ್ನೋರೇ!" ಅಂತ ಎರಡೂ ಕೈ ತಲೆಮೇಲೆ ಹೊತ್ತಳು. "ನಮ್ಮ ಕೈಯಾಗೆ ವಿಸ ಉಣ್ಣುಸ್ಕಂಡ್ಬುಟ್ರಲ್ಲ! ಈ ಪಾಪ ಯಾರ್ ತಲೆಗೆ? ಬಾಯ್ಬುಟ್ಟು ಒಂದ್ ಮಾತು ಯೋಳ್ಬಾರ್ದಾಗಿತ್ತಾ? ಒಟ್ಟೆ ನೋವು ಅಂದೋರ್ಗೆ ಬಲವಂತ ಮಾಡೋವಷ್ಟು ಕಟುಕ್ರಾ ನಾವು?"

ಜಯರಾಮಯ್ಯ ಇದನ್ನು ಎಣಿಸಿರಲಿಲ್ಲ. ಬಿಟ್ಟರೆ ಜನಕ್ಕೆ ನೋವು ಅಂದುಕೊಂಡಿದ್ದರು. ತಿಂದಿದ್ದೇ ನೋವಾಗುತ್ತೆ ಅಂತ ಒಂದು ದಿನವೂ ಹೊಳೆದಿರಲಿಲ್ಲ. "ಹಾಗಲ್ಲ ಮುತ್ತಮ್ಮ, ಕತೇಲೇ ಇದೆಯಲ್ಲ, ಪ್ರಸಾದ ಬಿಟ್ಟವರಿಗೆ..." ಅಂತ ತೊದಲಿದರು.

"ಕತೆ ನಾನೂ ಕೇಳಿವ್ನಿ ಬುಡಿ. ನೀವು ಮೂವತ್ತೈದು ವರ್ಸದಿಂದ ಯೋಳಿದ್ದೀರಿ, ನಾನು ಮೂವತ್ತೈದು ವರ್ಸದಿಂದ ಕಿವಿಗೊಟ್ಟು ಕೇಳಿವ್ನಿ. ಗೋದಿ ರವೆ ಇಲ್ದೋರು ಅಕ್ಕಿದೇ ಮಾಡ್ಬೋದು ಅಂತ ಮೊದಲ್ನೇ ಅಧ್ಯಾಯದಾಗೆ ಬತ್ತದಲ್ಲ? ಈಗ್ತಾನೆ ನೀವೇ ಯೋಳುದ್ರಿ!"

ಜಯರಾಮಯ್ಯ ಮನಸ್ಸಿನಲ್ಲೇ ಮೊದಲನೇ ಅಧ್ಯಾಯ ತಿರುವಿದರು. ಹೌದು, ಬರುತ್ತದೆ. ಗೋಧಿ ಇಲ್ಲದಿದ್ದರೆ ಅಕ್ಕಿಹಿಟ್ಟು ಆದೀತು ಅಂತ ಸ್ಪಷ್ಟವಾಗಿ ಬರುತ್ತದೆ. ಕಂಡಕ್ಟರು ಸ್ಟಾಪಿನ ಹೆಸರು ಕೂಗುವ ಹಾಗೆ ಪ್ರತಿ ಹುಣ್ಣಿಮೆಗೂ ಅದನ್ನು ಹೇಳಿ ಮುಂದೆ ಹೋಗಿದ್ದರು. ಒಂದು ಸಲವೂ ಅಲ್ಲಿ ಇಳಿದು ನೋಡಿರಲಿಲ್ಲ.

"ಅದು... ಗೋಧಿ ಸಿಗದೇ ಇರೋರಿಗೆ ಮುತ್ತಮ್ಮ. ಇಲ್ಲಿ ಅಂಗಡೀಲಿ ಬೇಕಾದಷ್ಟು..."

"ಅಂಗ್ಡಿ ಮಾತು ಬುಡಿ. ನಿಮ್ಮನೇಲಿ ಅದಾ ಗೋದಿ?"

ಜಯರಾಮಯ್ಯ ಉತ್ತರ ಕೊಡುವ ಮುಂಚೆ ಇಂದಿರಮ್ಮನ ದನಿ ಬಂತು. "ಇಲ್ಲ," ಅಂದರು. "ಮೂರು ತಿಂಗಳಿಂದ ನಮ್ಮನೇಲಿ ಒಂದು ಕಾಳು ಗೋಧಿ ಇಲ್ಲ."

"ಮತ್ತಿನ್ನೇನು? ಇಲ್ಲ ಅಂದ್ಮೇಲೆ ಇಲ್ಲ," ಅಂದಳು ಮುತ್ತಮ್ಮ. "ಲೇ ಶಿವಣ್ಣ, ಅಕ್ಕಿ ತರಿ ಡಬ್ಬ ಇಳ್ಸ್ಲಾ. ಯಾರೂ ಪ್ರಸಾದ ಮುಟ್ಬ್ಯಾಡಿ. ಅಯ್ನೋರದ್ದು ಆಗ್ಲಿ, ಆಮೇಕೆ ಎಲ್ರೂವೆ."

ಇಂದಿರಮ್ಮ ಎದ್ದರು. ಗಂಡನ ಪಕ್ಕದಲ್ಲೇ ಹಾದು, ಅವರ ಕಡೆ ನೋಡದೆ, ನೆಟ್ಟಗೆ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಒಳಗಿಂದ ಅವರ ದನಿ ಕೇಳಿಸಿತು. "ಆ ಬಾಣಲೆ ಬೇಡ, ಅದರಲ್ಲಿ ರವೆ ಹುರಿದಿದೀರಿ. ಬೇರೆ ಪಾತ್ರೆ ಕೊಡಿ. ಸೌಟೂ ಬೇರೆ. ತುಪ್ಪದ ಡಬ್ಬಕ್ಕೆ ರವೆ ಚಮಚ ಹಾಕಿದ್ರಾ? ಹಾಗಾದ್ರೆ ಹೊಸ ಡಬ್ಬ ಒಡೀರಿ." ಮುತ್ತಮ್ಮ ಏನೋ ಕೇಳಿದಳು. "ಮುಸುರೆ ಇದ್ದ ಹಾಗೆ ಮುತ್ತಮ್ಮ, ಅಷ್ಟೇ" ಅಂದರು ಇಂದಿರಮ್ಮ. ಜಯರಾಮಯ್ಯ ಕಣ್ಣು ಒರೆಸಿಕೊಂಡರು. ಕರ್ಪೂರದ ಹೊಗೆ ಅಂತ ಪಕ್ಕದಲ್ಲಿ ಕೂತವರಿಗೆ ಹೇಳಲಿಲ್ಲ, ಆ ದಿನಕ್ಕೆ ಸುಳ್ಳು ಸಾಕಾಗಿತ್ತು.

ಇಪ್ಪತ್ತು ನಿಮಿಷ ಆ ಹಜಾರದಲ್ಲಿ ಯಾರೂ ಎದ್ದು ಹೋಗಲಿಲ್ಲ. ಮಕ್ಕಳು ಟ್ರಾಕ್ಟರಿನ ಸುತ್ತ ಓಡಿ ಬಂದು ಬಂದು "ಆಯ್ತಾ?" ಅಂತ ಕೇಳಿದವು. ಕೊನೆಗೆ ಇಂದಿರಮ್ಮ ತಾವೇ ಪಾತ್ರೆ ಹಿಡಿದು ಬಂದರು. ದೇವರ ಮುಂದೆ ಇಟ್ಟು ನೈವೇದ್ಯ ಆಯಿತು. ಅಕ್ಕಿ ತರಿಯ ಸಜ್ಜಿಗೆ ಬೆಳ್ಳಗೆ, ಸ್ವಲ್ಪ ತರಿತರಿಯಾಗಿ, ತುಪ್ಪದಲ್ಲಿ ಮಿಂದು ಕೂತಿತ್ತು. ಜಯರಾಮಯ್ಯ ಎರಡೂ ಕೈಯಲ್ಲಿ ಎಲೆ ಹಿಡಿದು ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡರು. "ತಗೊಳ್ಳಿ" ಅಂದರು. ಜನ ಅದನ್ನೂ ತಿಂದರು, ಗೋಧಿಯದನ್ನೂ ತಿಂದರು, ಅಕ್ಕಿದೇ ಚೆಂದಾಗದೆ ಅಂತ ತೀರ್ಪನ್ನೂ ಕೊಟ್ಟರು. ತೊಣ್ಣೂರಿನಿಂದ ಬಂದಿದ್ದ ಶಿವಣ್ಣನ ಭಾವಮೈದ, ಮುಂದಿನ ಹುಣ್ಣಿಮೆಗೆ ನಮ್ಮನೇಲೂ ಅಕ್ಕಿದೇ ಅಯ್ನೋರೇ, ಬಂದ್ಬುಡಿ ಅಂತ ಅಲ್ಲೇ ಕರೆದ.

ವಾಪಸ್ಸು ಬರುವಾಗ ಇಂದಿರಮ್ಮ ಗಂಡನ ಹೆಗಲು ಹಿಡಿಯದೆ, ಸ್ಕೂಟರಿನ ಸೀಟಿನ ಹಿಂದಿನ ಕಂಬಿ ಹಿಡಿದು ಕೂತಿದ್ದರು. ಜಯರಾಮಯ್ಯ ಮೂರು ಊರು ದಾಟೋವರೆಗೂ ತಡೆದುಕೊಂಡರು. ತೊಣ್ಣೂರು ಕೆರೆಯ ಹತ್ತಿರ ಹೊಂಗೆಮರದ ನೆರಳು ನೋಡಿ ಸ್ಕೂಟರು ನಿಲ್ಲಿಸಿದರು. ಇಂದಿರಮ್ಮ ಇಳಿದು ದೂರ ಹೋಗಿ ನಿಂತರು. ಕೆರೆಯ ಮೇಲಿನ ಗಾಳಿಗೆ ಸೆರಗು ಹಾರುತ್ತಿತ್ತು.

"ತಪ್ಪಾಯ್ತು ಕಣೇ," ಅಂದರು ಜಯರಾಮಯ್ಯ.

"ದೇವರಿಗೆ ಹೆದರಿದ್ರಿ. ಜನಕ್ಕೆ ಹೆದರಿದ್ರಿ," ಅಂದರು ಇಂದಿರಮ್ಮ. "ನಿಮಗೇನಾದ್ರೂ ಆಗಿಬಿಟ್ಟರೆ ನನ್ನ ಗತಿ ಏನು ಅಂತ ಹೆದರಿಕೆ ಆಗಲಿಲ್ವಾ? ನಾನು ಒಬ್ಬಳೇ ಹೆದರಿಕೊಂಡು ಕೂತಿದ್ದೆನಲ್ರೀ, ಹತ್ತು ದಿನ. ನನ್ನ ಕೈಯಿಂದಲೇ ನಿಮ್ಮನ್ನ ಕಳಕೊಳ್ತೀನಿ ಅಂತ." ಅಳು ಬಂತು, ಜೊತೆಗೇ ಸಿಟ್ಟೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿದರು. "ಏನು ಬೇಕಾದ್ರೂ ತಿನ್ನಿ, ಎಲ್ಲಿ ಬೇಕಾದ್ರೂ ತಿನ್ನಿ. ಮನೆಗೆ ಬಂದು ನನಗೆ ಹೇಳಿ. ನಿಜ ಹೇಳಿ. ಅಷ್ಟು ಗೊತ್ತಿದ್ರೆ ಮಿಕ್ಕಿದ್ದು ನಾನು ನೋಡ್ಕೋತೀನಿ."

"ಹೇಳ್ತೀನಿ. ನಿನ್ನಾಣೆ ಹೇಳ್ತೀನಿ. ಬಾ, ಹತ್ತು, ನಾಳೆಯಿಂದ ಸಾರು ನೀನೇ ಮಾಡಬೇಕು, ಅರ್ಚನಳ ಸಾರು ಇನ್ನು ನನ್ನ ಕೈಲಾಗಲ್ಲ."

ಇಂದಿರಮ್ಮನಿಗೆ ನಗು ಬಂತು. ಅದನ್ನು ಅಡಗಿಸಿಕೊಂಡು ಸ್ಕೂಟರಿನ ಹತ್ತಿರ ಬಂದರು. ಹತ್ತಲಿಲ್ಲ.

"ಇವತ್ತು ಅಕ್ಕಿ ಸಜ್ಜಿಗೆ ಎಷ್ಟು ತಿಂದ್ರಿ?"

"ಎರಡು ಹಿಡಿ."

ಇಂದಿರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಜಯರಾಮಯ್ಯ ಕೆರೆಯ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು.

"ನಾಲ್ಕು," ಅಂದರು.

ಇಂದಿರಮ್ಮ ಹತ್ತಿ ಕೂತು ಅವರ ಹೆಗಲ ಮೇಲೆ ಕೈಯಿಟ್ಟರು.